ಮಲಗಿದ್ದ ಎಂಟನ್ನು ಎಬ್ಬಿಸಿದ್ದು

ನಾನು ಏಳನೇ ತರಗತಿಗೇ ಶಾಲೆಗೆ ಕೈಮುಗಿದವನು. ಆದರೆ ಕೊಟ್ಟೂರಿನ ಸುತ್ತ ನಾನು ಮಾಡಿದ ಗೇಟುಗಳನ್ನು ನೋಡಿ: ಎಡಗಡೆ ಕಬ್ಬಿಣದ ಬಳ್ಳಿ ಎಷ್ಟು ಬಾಗಿದೆಯೋ ಬಲಗಡೆಯೂ ಅಷ್ಟೇ ಬಾಗಿರುತ್ತದೆ. ಇಪ್ಪತ್ತೆರಡು ವರ್ಷದ ವೆಲ್ಡಿಂಗ್‌ನಲ್ಲಿ ನನ್ನ ಕೆಲಸವನ್ನು ಸೊಟ್ಟ ಎಂದವರಿಲ್ಲ. ಇಂಥ ಕಣ್ಣಿಗೆ ಆ ಭಾನುವಾರ ಮಗಳು ಸುನೀತಾಳ ಗಣಿತದ ನೋಟ್‌ಬುಕ್ ಬಿತ್ತು!

ಅವಳು ಮೊದಲ ಪಿಯುಸಿ. ಮರುದಿನ ನೋಟ್‌ಬುಕ್ ಒಪ್ಪಿಸಬೇಕು. ತಪ್ಪಿಲ್ಲದೆ ಬರೆದವರನ್ನು ಹಡಗಲಿಯ ಗಣಿತ ಸ್ಪರ್ಧೆಗೆ ಕಳಿಸುತ್ತೇನೆಂದು ಸರ್ ಹೇಳಿದ್ದರು. ವಾರದಿಂದ ಮನೆಯಲ್ಲಿ ಅದೇ ಜಪ. ತಲೆಸ್ನಾನಕ್ಕೆ ಹೋಗುವಾಗ ಪುಸ್ತಕವನ್ನು ಕಟ್ಟೆಯ ಮೇಲೆ ತೆರೆದೇ ಇಟ್ಟಿದ್ದಳು.

ಇಣುಕಿದೆ. x ಎರಡಕ್ಕಿಂತ ಹೆಚ್ಚು, ಮತ್ತು ಐದು ಇಲ್ಲವೇ ಐದಕ್ಕಿಂತ ಕಡಿಮೆ, ಎಂದು ಲೆಕ್ಕ. ಉತ್ತರ: (2, 5]. ಎಡಗಡೆ ದುಂಡು ಕಂಸ, ಬಲಗಡೆ ಚೌಕ ಕಂಸ! ಪುಟದ ತುಂಬ ಇದೇ ಅವಾಂತರ. ಇಂಥ ಗೇಟು ಮಾಡಿಕೊಟ್ಟರೆ ಗಿರಾಕಿ ನನ್ನನ್ನೇ ಕಂಬಕ್ಕೆ ಕಟ್ಟುತ್ತಾನೆ.

"ರೀ, ಆ ಹುಡುಗಿ ಪುಸ್ತಕಕ್ಕ ಯಾಕ ಕೈ ಹಾಕ್ತೀರಿ?" ಹೆಂಡತಿ ರತ್ನ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಅವಸರದಾಗ ಒಂದೊಂದ್ ಕಡಿ ಒಂದೊಂದ್ ನಮೂನಿ ಬರದೈತಿ ಕೂಸು. ಸರಿ ಮಾಡ್ತೀನಿ, ಸುಮ್ನಿರು."

"ನಿಮಗ ತಿಳೀತೈತೇನು ಅದು?"

"ತಿಳಿಯಾಕ ಏನೈತಿ? ಎರಡೂ ಕಡಿ ಒಂದಾಗಿರಬೇಕು!"

ವೈಟ್ನರ್ ಹಚ್ಚಿ, ಊದಿ ಒಣಗಿಸಿ, ಇಪ್ಪತ್ತಾರು ದುಂಡು ಕಂಸಗಳನ್ನು ಚೌಕ ಮಾಡಿದೆ. ಅಲ್ಲಲ್ಲಿ ಎಂಟು ಅಡ್ಡಬಿದ್ದು ಮಲಗಿತ್ತು. ಪಾಪ, ನಿದ್ದೆಗಣ್ಣಲ್ಲಿ ಬರೆದಿರಬೇಕು. ಒಂಬತ್ತು ಎಂಟುಗಳನ್ನು ಎಬ್ಬಿಸಿ ನಿಲ್ಲಿಸಿದೆ! ಮಗಳು ಬೆರಗಾಗಲಿ ಎಂದು ಪುಸ್ತಕವನ್ನು ನಾನೇ ಚೀಲದೊಳಗೆ ಸೇರಿಸಿದೆ.

ಬೆರಗಾದಳು. ಮಂಗಳವಾರ ಕಾಲೇಜಿನಿಂದ ನನಗೆ ಕರೆ ಬಂತು. ಇಸ್ತ್ರಿ ಅಂಗಿ ತೊಟ್ಟು ಹೋದೆ.

"ಇದನ್ನ ತಿದ್ದಿದೋರು ಯಾರ್ರಿ?" ಗಣಿತದ ಸರ್ ಕೇಳಿದರು.

"ನಾನ ರೀ ಸರ್!" ಎದೆಯುಬ್ಬಿಸಿದೆ. ಪಕ್ಕದಲ್ಲಿದ್ದ ಸುನೀತಾಳ ಕಣ್ಣುಗಳು ಅತ್ತು ಕೆಂಪಾಗಿದ್ದವು. ಎದೆ ತಾನಾಗಿಯೇ ಇಳಿಯಿತು.

ಸರ್ ನನ್ನನ್ನು ಕೂರಿಸಿದರು. "ಗೇಟ್ ಮಾಡ್ತೀರಂತ. ಎರಡು ಕಂಬದ ನಡುವ ಹತ್ತಡಿ ಜಾಗ ಐತಿ ಅನ್ರಿ. ಗೇಟೂ ಪೂರ್ತಿ ಹತ್ತಡಿ ಮಾಡ್ತೀರೇನು?"

ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ? "ಹತ್ತಡಿ ಮಾಡಿದ್ರ ಕಂಬಕ್ಕ ಸಿಗಾಕ್ಕೊಂತೈತ್ರಿ ಸರ್! ಹತ್ತಕ್ಕಿಂತ ಒಂಚೂರು ಕಡಿಮಿ ಇರಬೇಕು."

"ಎಷ್ಟರ ತನಕ ಕಡಿಮಿ?"

"ಒಂಬತ್ತೂಮುಕ್ಕಾಲು ಇದ್ರೂ ನಡೀತೈತಿ. ಅದಕ್ಕೂ ಸಣ್ಣದಾದ್ರ ಸಂದಿನಾಗ ನಾಯಿಮರಿ ನುಗ್ಗತಾವ."

ಸುನೀತಾ ಬಾಯಿ ಬಿಟ್ಟಳು. "ಯಪ್ಪಾ, ಒಂಬತ್ತೂಮುಕ್ಕಾಲು ನಡೀತೈತಿ, ಅದಕ್ಕ ಆ ಕಡಿ ಚೌಕ. ಹತ್ತು ನಡೆಯಂಗಿಲ್ಲ, ಅದಕ್ಕ ಈ ಕಡಿ ದುಂಡು. ನೀ ದಿನಾ ಮಾಡೋದ ಇದು!"

"ಮತ್ತ ಆ ಎಂಟು?"

"ಅದು ಎಂಟಲ್ಲ ಯಪ್ಪಾ. ಕೊನೀನ ಇಲ್ಲ ಅನ್ನೋ ಗುರುತು."

ಕೊನೆಯೇ ಇಲ್ಲದ್ದನ್ನು ನಾನು ಎಂಟಕ್ಕೆ ನಿಲ್ಲಿಸಿದ್ದೆ!

ಸರ್ ನಕ್ಕು, ಮಗಳಿಗೆ ಬೋರ್ಡಿನ ಮೇಲೆ ಮೂರು ಹೊಸ ಲೆಕ್ಕ ಕೊಟ್ಟರು. ಅವಳು ಸರಸರನೆ ಬಿಡಿಸಿದಳು. ಹಡಗಲಿಯ ಪಟ್ಟಿಯಲ್ಲಿ ಹೆಸರು ಉಳಿಯಿತು.

ಮನೆಗೆ ಬಂದವಳೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಅಪ್ಪ ಈ ಪುಸ್ತಕದಿಂದ ಇರಬೇಕಾದ ದೂರ, ಅಡಿಗಳಲ್ಲಿ: (10, ∞)."

"ಹಂಗಂದ್ರ ಏನವ್ವಾ?" ರತ್ನ ಕೇಳಿದಳು.

"ಹತ್ತನೇ ಅಡಿಗೆ ನಿಂತ್ರೂ ತಪ್ಪು. ಅದರಾಚಿ ಎಷ್ಟ್ ದೂರ ಹೋದ್ರೂ ಅಡ್ಡಿಲ್ಲ!"

ಟೇಪು ಹಿಡಿದು ಅಳೆದುಕೊಂಡು, ಹನ್ನೊಂದನೇ ಅಡಿಯಲ್ಲಿ ಕುರ್ಚಿ ಹಾಕಿಕೊಂಡಿದ್ದೇನೆ. ಇಲ್ಲಿಂದಲೂ ಆ ಎಂಟು ಕಾಣುತ್ತದೆ. ಮಲಗಲಿ ಬಿಡಿ, ನಾನಂತೂ ಎಬ್ಬಿಸುವುದಿಲ್ಲ!