ಮಾವನ ಸೆಕೆಂಡ್‌ಹ್ಯಾಂಡ್ ವಿಮಾನ

ನಿವೃತ್ತಿಯಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ದೇವರನ್ನು ಹಿಡಿಯುತ್ತಾರೆ. ನನ್ನ ಸೋದರಮಾವ ವಿಮಾನ ಹಿಡಿದ! ಎಲ್ಲಿಗೋ ಹೋಗಲಿಕ್ಕಲ್ಲ ಸ್ವಾಮಿ, ಕೊಳ್ಳಲಿಕ್ಕೆ.

ಮೂವತ್ತು ವರ್ಷ ಹೈದರಾಬಾದಿನ ಕಾರ್ಖಾನೆಯಲ್ಲಿ ವಿಮಾನಗಳಿಗೆ ರಿವೆಟ್ ಹೊಡೆದವನು, ಒಂದರಲ್ಲೂ ಕೂತವನಲ್ಲ. ಆ ಸಿಟ್ಟಿಗೆ ಉಪ್ಪಲ್‌ನ ಸೈಟು ಮಾರಿ ಹಳೇ ವಿಮಾನ ಹುಡುಕತೊಡಗಿದ. ಜೊತೆಗೆ ನಾನು. ಎಂಜಿನಿಯರಿಂಗ್ ಓದಿದ ತಪ್ಪಿಗೆ!

ಮೊದಲು ನೋಡಿದ ವಿಮಾನದ ಎಂಜಿನ್ನಿನಲ್ಲಿ ಗೊರವಂಕ ಮರಿ ಮಾಡಿತ್ತು. ಎರಡನೆಯದಕ್ಕೆ ಒಂದೇ ರೆಕ್ಕೆ. ಮೂರನೆಯದು ಪಟಾನ್‌ಚೆರು ದಾಟಿದ ಮೇಲೆ, ಯಾರದೋ ಖಾಸಗಿ ರನ್‌ವೇ ಪಕ್ಕದ ಶೆಡ್ಡಿನಲ್ಲಿತ್ತು. ಮಾವ ಕಲ್ಲಂಗಡಿ ಆರಿಸುವವನಂತೆ ಅದರ ಮೈ ಬಡಿದು ಕಿವಿಗೊಟ್ಟ.

“ಡಾಕ್ಟರ್ ಸಾಬ್ ಗಾಡಿ ಐತ್ರಿ, ಸಿಂಗಲ್ ಓನರ್,” ಎಂದ ಬೀದರಿನ ದಲ್ಲಾಳಿ.

“ಡಾಕ್ಟರ್ ತಾನ ಮ್ಯಾಲ ಹೋಗತಿದ್ನೋ, ಪೇಷಂಟ್ ಕಳಸತಿದ್ನೋ?” ಎಂದ ಮಾವ.

ಇಬ್ಬರೂ ನಕ್ಕರು. ವ್ಯಾಪಾರ ಮುಗಿಯಿತು!

ಅತ್ತೆ ಮಾತ್ರ ಕೇಳಿದಳು: “ಅಪಾರ್ಟ್‌ಮೆಂಟಿನ್ಯಾಗ ಎಲ್ಲಿ ನಿಂದ್ರಸ್ತೀರಿ ಇದನ್ನ?”

“ಅದು ಅಲ್ಲೇ ಇರತೈತಿ. ನಾವ ಹೋಗಿ ನೋಡಿ ಬರೂದು.”

“ಬೀಗರ ಮನಿಗೆ ಹ್ವಾದಂಗ?”

ಆದರೂ ಪೂಜೆ ಇಲ್ಲದೆ ಗಾಡಿ ಕದಲಕೂಡದೆಂದು ಹಟ ಹಿಡಿದವಳು ಅವಳೇ. ಕುಂಕುಮ, ಹೂವು, ಕಾಯಿ. ಗಾಲಿಗೆ ಕೊಟ್ಟಿದ್ದ ಮರದ ತಡೆಗಳನ್ನು ತೆಗೆದು ಅಲ್ಲಿ ನಿಂಬೆಹಣ್ಣು ಇಟ್ಟೆವು. ತೆಗೆದವನು ನಾನು. ಹೌದು, ಎಂಜಿನಿಯರ್!

ಮಾವ ಶೆಡ್ಡಿನ ಮೆಕ್ಯಾನಿಕ್ಕನ ಪಕ್ಕ ಕೂತು ಕೀಲಿ ತಿರುವಿದ. ಮೂತಿಯ ಪ್ರೊಪೆಲರ್ ತಿರುಗಿತು, ತಿರುಗಿ ತಿರುಗಿ ಕಾಣದಾಯಿತು. ವಿಮಾನ ಗಡಗಡ ನಡುಗಿತು. ಮುಂದಿನ ಗಾಲಿಯ ನಿಂಬೆಹಣ್ಣು ಪಕ್ಕಕ್ಕೆ ಉರುಳಿತು.

“ತಡೀರಿ, ಹಣ್ಣು ಸರದೈತಿ!” ಎಂದು ಅತ್ತೆ ತಲೆ ಬಗ್ಗಿಸಿಕೊಂಡು ಹೊರಟಳು. ಸ್ಕೂಟರಿನ ಮುಂದೆ ಹೋಗುವ ಹಾಗೆಯೇ. ಅವಳಿಗೂ ಗಾಲಿಗೂ ನಡುವೆ ಏನೂ ಕಾಣುತ್ತಿರಲಿಲ್ಲವಲ್ಲ!

ನಾನು ಕೂಗಿದೆನೇ? ಬಾಯಿ ತೆರೆದದ್ದು ನೆನಪಿದೆ, ದನಿ ನೆನಪಿಲ್ಲ. ಈಗಲೂ ಸೀಲಿಂಗ್ ಫ್ಯಾನ್ ಹಾಕಿದರೆ ಅವಳ ಬಗ್ಗಿದ ತಲೆ ಕಾಣುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಬೇಯುತ್ತಿರುವ ವಿದ್ಯಾವಂತ ನಾನೊಬ್ಬನೇ ಇರಬೇಕು.

ಗಾಜಿನಾಚೆಯಿಂದ ಮಾವ ಅವಳನ್ನು ಕಂಡ. ಎಂಜಿನ್ ನಿಲ್ಲಿಸಲು ಕೀಲಿ ತಿರುವಿದ. ಪ್ರೊಪೆಲರಿನ ಅಲಗುಗಳು ನಿಧಾನವಾಗಿ ಮತ್ತೆ ಕಾಣಿಸಿಕೊಂಡು, ಒಂದು ಅವಳ ಕನ್ನಡಕದಿಂದ ಗೇಣು ದೂರದಲ್ಲಿ ನಿಂತಿತು. ಅತ್ತೆ ಅದನ್ನು ಕೈಯಿಂದ ಸರಿಸಿ, ಬಗ್ಗಿ ಹಣ್ಣಿಟ್ಟಳು. “ಹೂಂ, ಈಗ ಬಿಡ್ರಿ!”

ಮಾವ ಇಳಿದ. ಮಣ್ಣಿನಲ್ಲೇ ಕೂತುಬಿಟ್ಟ. ಎದ್ದವನು ಕೀಲಿಯನ್ನು ದಲ್ಲಾಳಿಯ ಕೈಗಿಟ್ಟು, “ಮಾರಿಬಿಡು” ಎಂದ.

“ಒಮ್ಮೆನೂ ಹಾರಿಸಿಲ್ಲಲ್ರೀ ಸಾಬ್!”

ಮಾವ ಆಗಲೇ ಅತ್ತೆಯನ್ನು ಕರೆದುಕೊಂಡು ಬಸ್ಸಿನ ಕಡೆ ಹೊರಟಿದ್ದ.

ಬಸ್ಸಿನಲ್ಲಿ ಅವನು ಹೆಂಗಸರ ಸೀಟಿನಲ್ಲೇ, ಅತ್ತೆಯ ಪಕ್ಕ ಕೂತ. ಕಂಡಕ್ಟರ್ ತೆಲುಗಿನಲ್ಲಿ ಬೈದ, ಏಳಲಿಲ್ಲ. ಮದುವೆಯಾದ ನಲವತ್ತು ವರ್ಷದಲ್ಲಿ ನಾಲ್ಕು ಜನರೆದುರು ಹೆಂಡತಿಯ ಪಕ್ಕ ನಿಲ್ಲಲೂ ನಾಚಿದವನು, ಅವಳ ಮಣಿಕಟ್ಟು ಹಿಡಿದುಕೊಂಡಿದ್ದ.

“ಕೈ ಬಿಡ್ರೀ, ಮಂದಿ ನೋಡಾಕತ್ತಾರ.”

“ನೋಡ್ಲಿ.”

ಸಿಕಂದರಾಬಾದ್ ಬಂದರೂ ಬಿಡಲಿಲ್ಲ.