ಸಾಯದ ಹುಳುವಿಗೆ ಸೊಪ್ಪೇಕೆ

ಹುಳುಗಳು ಸತ್ತದ್ದು ನನ್ನಿಂದಲೇ. ಕಂಪ್ಯೂಟರಿನ ತಪ್ಪಲ್ಲ, ಮೊಮ್ಮಗಳು ಪವಿತ್ರಳ ತಪ್ಪೂ ಅಲ್ಲ. ಆಯುಸ್ಸೆಲ್ಲ ರೇಷ್ಮೆ ಸಾಕಿದವಳೆಂಬ ಜಂಭದಲ್ಲಿ ಆಟದೊಳಗಿನ ಹುಳುಮನೆಯನ್ನು ನಾನೇ ಹಾಳುಮಾಡಿದೆ.

ಸುಗಟೂರಿನ ನಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ನನಗೆ ಕೆಲಸವೇ ಇಲ್ಲದಂತಾಯಿತು. ಕೆಲಸವಿಲ್ಲದ ಮುದುಕಿ ಮನೆಯವರ ತಲೆ ತಿನ್ನುತ್ತಾಳೆ, ನಾನೂ ತಿಂದೆ. ಸಾರಿಗೆ ಉಪ್ಪು ಜಾಸ್ತಿ, ಹಸುವಿಗೆ ಮೇವು ಕಡಿಮೆ ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದೆ. ತಾಳಲಾರದೆ ಪವಿತ್ರ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು. ಅದರಲ್ಲಿ ಬಯಲು, ಕಾಡು, ನೀರಿನ ಕುಂಟೆ ಎಲ್ಲ ಇದ್ದವು. ಮನಸ್ಸಿಗೆ ಬಂದದ್ದನ್ನು ಕಟ್ಟಿಕೊಳ್ಳುವ ಆಟವಂತೆ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಂದು ಹಸು ಕಟ್ಟಿದೆ. ಅದು ಮೇವು ತಿನ್ನಲಿಲ್ಲ, ಸಗಣಿ ಹಾಕಲಿಲ್ಲ.

"ಇದೇನೇ, ಗೋಡೆ ಮೇಲೆ ಬರೆದ ಹಸುನಾ?" ಎಂದೆ.

ಇಂಥ ಆಟಗಳಿಗೆ ಯಾರ್ಯಾರೋ ಹೊಸ ತೊಡಕುಗಳನ್ನು ಬರೆದು ಸೇರಿಸುತ್ತಾರಂತೆ. ಅದಕ್ಕೆ ಮಾಡ್ ಎಂದು ಹೆಸರು. ಪವಿತ್ರ ಒಂದೊಂದಾಗಿ ಹಾಕಿದಳು. ಹಸುವಿಗೆ ಹಸಿವಾಯಿತು. ಮಳೆ ತಪ್ಪಿತು. ಹಿಪ್ಪುನೇರಳೆ ಬಂತು, ರೇಷ್ಮೆಹುಳು ಬಂತು, ಹುಳುವಿಗೆ ರೋಗವೂ ಬಂತು. ಎಲ್ಲವೂ ಸರಿಯಿತ್ತೆಂದಲ್ಲ. ಒಂದರಲ್ಲಿ ಕುಡುಗೋಲು ಬೇಕೆಂದರೆ ಗುಡ್ಡ ಅಗೆದು, ಅದಿರು ತಂದು ಕರಗಿಸಬೇಕು. "ತೆಗಿಯೇ ಇದನ್ನ, ಕುಡುಗೋಲು ಸಂತೇಲಿ ಸಿಗುತ್ತೆ" ಎಂದು ತೆಗೆಸಿದೆ. ಸುಮ್ಮನೆ ಸುತ್ತಾಡಿಸುವ ಕಷ್ಟ ಬೇರೆ, ಒಂದು ಜೀವಕ್ಕಾಗಿ ಪಡುವ ಕಷ್ಟ ಬೇರೆ. ಎರಡನೆಯದು ಸಿಕ್ಕ ಮೇಲೆ ನಾನು ಉಪ್ಪಿನ ಸುದ್ದಿ ಬಿಟ್ಟೆ.

ಪಕ್ಕದ ಮನೆಯ ಮುನಿಯಮ್ಮ ನೋಡಲು ಬಂದವಳು, "ರೇಷ್ಮೆಗೂಡನ್ನ ಮಾರ್ಕೆಟ್ಟಿಗೆ ಹೆಂಗಕ್ಕಾ ಹಾಕ್ತೀಯ, ವೈರಲ್ಲಿ ಕಳಿಸ್ತೀಯಾ?" ಎಂದು ನಕ್ಕು ಹೋದಳು.

ಕಾಲು ತೊಳೆಯದೆ ಹುಳುಮನೆಯೊಳಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆಟದಲ್ಲಿ ಬಾಗಿಲ ಬಳಿ ಚೊಂಬು ನೀರಿಡುವವರು ಯಾರು? ಹಾಗಾಗಿ ಸೊಪ್ಪು ಹೊತ್ತ ನನ್ನ ಗೊಂಬೆ ಮನುಷ್ಯನನ್ನು ಪ್ರತಿ ಸಲವೂ ಕುಂಟೆಯಲ್ಲಿ ಇಳಿಸಿ ಹತ್ತಿಸಿ ಒಳಗೆ ಕಳಿಸಿದೆ. ಕುತ್ತಿಗೆವರೆಗೂ ನೀರು, ಸೊಪ್ಪೆಲ್ಲ ಒದ್ದೆ. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ, ಹಾಕಬಾರದೆಂದು ಸೊಸೆಗೆ ಹೇಳಿಕೊಟ್ಟವಳೇ ನಾನು. ಮಾಡ್ ಬರೆದವನಿಗೂ ಅದು ಗೊತ್ತಿತ್ತು. ಗೂಡು ಕಟ್ಟಬೇಕಾದ ಹೊತ್ತಿಗೆ ಹುಳುಗಳೆಲ್ಲ ಕಪ್ಪಾಗಿ ಮಲಗಿದವು.

ಪವಿತ್ರ ನನ್ನ ಮುಖ ನೋಡಿದಳು. "ಈ ಮಾಡ್‌ಗಳನ್ನೆಲ್ಲ ತೆಗೆದುಬಿಡ್ತೀನಿ ಅಜ್ಜಿ. ಆಮೇಲೆ ಹುಳ ಸಾಯೋದೇ ಇಲ್ಲ."

"ಸಾಯ್ದಿರೋ ಹುಳಕ್ಕೆ ಸೊಪ್ಪು ಯಾಕೆ ಹಾಕ್ಬೇಕು? ಮುಟ್ಟಿದ್ರೆ ನೋಡು."

"ನಂಗಂತೂ ಸಾಕಾಗೋಗಿದೆ. ಇದು ಆಟನಾ, ಕೂಲಿನಾ?"

"ನಿಂಗೆ ಕೂಲಿ ಕಣೇ. ಈ ಮಂಚದ ಮೇಲೆ ನಂಗೆ ಬೇರೇನಿದೆ ಹೇಳು."

ಅವಳು ಲ್ಯಾಪ್‌ಟಾಪನ್ನು ಮತ್ತೆ ನನ್ನ ಕಡೆಗೆ ತಿರುಗಿಸಿದಳು. ಯಾವುದನ್ನೂ ತೆಗೆಯಲಿಲ್ಲ. ತನಗೆ ಬೇಸರವಾದದ್ದನ್ನು ನನಗಾಗಿ ಉಳಿಸಿದ ಅವಳ ಹೊಟ್ಟೆ ತಣ್ಣಗಿರಲಿ. ಹುಳುವಿಗೆ ರೋಗ ಬರೆದ, ಯಾವ ಊರಿನವನೋ, ಆ ಪುಣ್ಯಾತ್ಮನ ಹೊಟ್ಟೆಯೂ ತಣ್ಣಗಿರಲಿ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ, ಒಂದೇ ಬೆರಳಲ್ಲಿ ಒತ್ತುತ್ತಾ, ಸತ್ತ ಹುಳುಗಳನ್ನು ದೂರ ಸಾಗಿಸಿ ಹೂಳಿಸಿದೆ, ಹುಳುಮನೆಗೆ ಸುಣ್ಣ ಹೊಡೆಸಿದೆ, ಹೊಸ ಮೊಟ್ಟೆ ತರಿಸಿದೆ. ಕಾಲೇಜಿಗೆ ಹೊರಟ ಪವಿತ್ರ ಬಂದು ಲ್ಯಾಪ್‌ಟಾಪ್ ಕೇಳಿದಳು. "ಮೊಟ್ಟೆ ಒಡೆಯೋ ಹೊತ್ತು ಕಣೇ, ಇವತ್ತೊಂದಿನ ಪೆನ್ನಲ್ಲಿ ಬರ್ಕೋ" ಎಂದು ಅವಳ ಬಸ್ಸಿನ ಹೊತ್ತು ನೆನಪಿಸಿ ಕಳಿಸಿದೆ.