ಒಂದು ತೋಳಿನ ಅನುಭವ

ಈ ಕತೆಗೆ ಮೊದಲು ಒಂದು ಗಾದೆ ಹೊಂದಿಸಲು ನೋಡಿದ್ದಾಯಿತು, ಸಿಗಲಿಲ್ಲ. ಗಾದೆ ಕಟ್ಟಿದ ಹಿರಿಯರು ಯಾರೂ ಲಾರಿ ಓಡಿಸಿದವರಲ್ಲ. ಹಾಗಾಗಿ ನಡೆದದ್ದನ್ನು ನಡೆದಂತೆಯೇ ಹೇಳಬೇಕಾಗಿದೆ. ಅನುಮಾನ ಇದ್ದವರು ಅವನ ಬಲತೋಳನ್ನು ನೋಡಿಕೊಂಡು ಬರಬಹುದು.

ಬೀದಿಯವರು ಅವನಿಗಿಟ್ಟ ಹೆಸರು ಲೈಸೆನ್ಸು. ಭಾರಿ ವಾಹನ ಓಡಿಸುವ ಪರವಾನಗಿ ಕೈಗೆ ಬಂದ ದಿನದಿಂದ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ, ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಲೈಸೆನ್ಸು ಇತ್ತು, ಲಾರಿ ಇರಲಿಲ್ಲ. ದೂರದ ರಸ್ತೆಯ ಕೆಲಸ ಕೇಳಿಕೊಂಡು ಹೋದ ಹನ್ನೊಂದು ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲೂ ಕೇಳಿದ್ದು ಒಂದೇ ಪ್ರಶ್ನೆ: "ಅನುಭವ ಎಷ್ಟು?" ಡ್ರೈವಿಂಗ್ ಶಾಲೆಯ ಮೈದಾನಕ್ಕೆ ನಲವತ್ತು ಸುತ್ತು ಹಾಕಿದ್ದೇನೆ ಎಂದು ಇವನು ಪ್ರಾಮಾಣಿಕವಾಗಿ ಹೇಳುತ್ತಿದ್ದ. ಅನುಭವ ತಂದರೆ ಲಾರಿ ಕೊಡುತ್ತೇವೆ ಎಂದು ಅವರು, ಲಾರಿ ಕೊಟ್ಟರಲ್ಲವೇ ಅನುಭವ ಎಂದು ಇವನು. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಹಾಕಿಕೊಂಡ ಹಾಗಿತ್ತು ಪರಿಸ್ಥಿತಿ.

ಇವತ್ತು ಸಂಜೆ ನಾಲ್ಕಕ್ಕೆ ಹನ್ನೆರಡನೆಯ ಆಫೀಸು. ಅದೇ ಕೊನೆಯದು ಕೂಡ, ಯಾಕೆಂದರೆ ಅವನು ಇದ್ದದ್ದು ಅಕ್ಕನ ಮನೆಯಲ್ಲಿ, ಮತ್ತು ಭಾವನದು ಹಾಸಿಗೆ ಅಂಗಡಿ.

"ಇವತ್ತೊಂದು ದಿನ ನೋಡಪ್ಪ," ಎಂದ ಭಾವ, ಬೆಳಗ್ಗೆ ಹಲ್ಲುಜ್ಜುತ್ತಾ. "ಆಗಲಿಲ್ಲ ಅಂದ್ರೆ ನಾಳೆಯಿಂದ ಅಂಗಡಿಗೆ ಬಾ. ಗಿರಾಕಿ ಬಂದಾಗ ಹಾಸಿಗೆ ಮೇಲೆ ಮಲಗಿ ತೋರಿಸೋದು. ಅಷ್ಟೇ ಕೆಲಸ."

"ಅದರಲ್ಲಿ ಅವನಿಗೆ ಬೇಕಾದಷ್ಟು ಅನುಭವ ಇದೆ ಬಿಡಿ," ಎಂದಳು ಅಕ್ಕ.

ಲೈಸೆನ್ಸಿನ ಕಣ್ಣ ಮುಂದೆ ಒಂದು ರಸ್ತೆ ಬಿಚ್ಚಿಕೊಂಡಿತ್ತು. ಅದರ ಎರಡೂ ಬದಿಗೆ ಹಾಸಿಗೆಗಳು, ಕ್ಷಿತಿಜದವರೆಗೂ ಹಾಸಿಗೆಗಳು.

ಎದುರು ಮನೆಯ ಹಾರನ್ ಮಾವ ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು. ಯಾವ ಗಾಡಿಯ ಹಾರನ್ನು ಬೇಕಾದರೂ ಗಂಟಲಿನಲ್ಲೇ ಹೊಡೆಯಬಲ್ಲ. ಅಕ್ಕನ ಮನೆಯ ಕೆಳಗಿದ್ದ, ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅಂಗಡಿಯ ಬಣ್ಣದತ್ತೆಯ ಜೊತೆ ಚಹಾ ಕುಡಿಯುತ್ತಿದ್ದ. ಲೈಸೆನ್ಸಿನ ಮುಖ ಕಂಡದ್ದೇ ಅತ್ತೆಗೆ ಒಂದು ಕಣ್ಣು ಮಿಟುಕಿಸಿದ.

"ಕಾಗದ ಪತ್ರ ಯಾರು ನೋಡ್ತಾರೋ ಹುಚ್ಚಪ್ಪ. ಮಾಲೀಕರು ನೋಡೋದು ತೋಳು." ತನ್ನ ಎರಡೂ ತೋಳು ಚಾಚಿದ. ಲಾರಿ ಕಿಟಕಿಯ ಮೇಲೆ ಮೂವತ್ತು ವರ್ಷ ಬಿಸಿಲಿಗೆ ಊರಿದ ಬಲತೋಳು ಸುಟ್ಟ ಬದನೆಕಾಯಿ. ಎಡದ್ದು ಆಗ ತಾನೇ ಸುಲಿದ ಬಾಳೆಹಣ್ಣು. ಒಂದನ್ನು ಬೇರೆ ಯಾರದೋ ಮೈಯಿಂದ ಕಡ ತಂದ ಹಾಗಿತ್ತು. "ಬಲಗೈ ಕಪ್ಪಿದ್ರೆ ಡ್ರೈವರು. ನಿನ್ನವೆರಡೂ ಒಂದೇ ಬಣ್ಣ. ಹನ್ನೊಂದು ಕಡೆ ಯಾಕೆ ಓಡಿಸಿದ್ರು, ಈಗ ಗೊತ್ತಾಯ್ತಾ?"

"ಇದನ್ನ ಮೊದಲೇ ಹೇಳಬಾರದಿತ್ತಾ ಮಾವ?"

"ನೀನು ಕೇಳಲಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಚಹಾ ನೆತ್ತಿಗೇರಿದವಳಂತೆ ಕೆಮ್ಮಿದಳು.

ಹತ್ತು ಗಂಟೆಯ ಹೊತ್ತಿಗೆ ಲೈಸೆನ್ಸು ಬೀದಿ ಕಡೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು, ಅಂಗಿಯ ಬಲತೋಳನ್ನು ಭುಜದವರೆಗೂ ಮಡಚಿ, ಕೈಯನ್ನು ಬಿಸಿಲಿಗೆ ಚಾಚಿ ಕೂತಿದ್ದ. ಎಡಗೈಯಲ್ಲಿ ಪಾತ್ರೆಯ ಮುಚ್ಚಳ. ಸ್ಟೀರಿಂಗ್ ಇಲ್ಲದೆ ಸುಮ್ಮನೆ ಕೂರಲು ಅವನಿಂದ ಆಗುತ್ತಿರಲಿಲ್ಲ.

ಎರಡನೇ ಮಹಡಿಯಿಂದ ಹೊರಬಂದ ಒಂಟಿ ಕೈಯನ್ನು ಬೀದಿ ತನಗೆ ತೋಚಿದಂತೆ ಅರ್ಥ ಮಾಡಿಕೊಂಡಿತು. ತರಕಾರಿ ಗಾಡಿಯವನು ಕರೆಯುತ್ತಿದ್ದಾರೆಂದು ನಿಂತು ಸೌತೆಕಾಯಿ ತೂಗಿಟ್ಟ. ಬೈಕಿನವನೊಬ್ಬ ಇದು ಪೊಲೀಸರ ಹೊಸ ಏರ್ಪಾಡೆಂದು ಬಲಕ್ಕೆ ತಿರುಗಿ, ಬಣ್ಣದತ್ತೆ ಒಣಹಾಕಿದ್ದ ಹಳದಿ ಸೀರೆಯೊಳಗೆ ಹೊಕ್ಕು ಆಚೆ ಕಡೆಯಿಂದ ಮದುಮಗನಂತೆ ಹೊರಬಂದ. ಮೇಲಿನ ಮನೆಯಾಕೆ ಒಂದು ಒದ್ದೆ ಟವೆಲ್ ಇಳಿಬಿಟ್ಟು, "ಹೇಗೂ ಚಾಚಿದ್ದೀಯಲ್ಲಪ್ಪ, ಸ್ವಲ್ಪ ಹಿಡ್ಕೊಂಡಿರು," ಎಂದಳು.

ಲೈಸೆನ್ಸಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಕೆಳಗಿನಿಂದ ಹಾರನ್ ಮಾವ ಗಂಟಲಿನಲ್ಲೇ ಇಂಜಿನ್ ಚಾಲೂ ಮಾಡಿ ಒಂದನೇ ಗೇರು, ಎರಡನೇ ಗೇರು ಹಾಕುತ್ತಿದ್ದ. ಮೂರನೇ ಗೇರಿಗೆ ಕಿಟಕಿ ಮೆಲ್ಲಗೆ ಅಲುಗಿತು. ನಾಲ್ಕನೆಯದಕ್ಕೆ ಮನೆ ಬೀದಿಯಿಂದ ಕಳಚಿಕೊಂಡು ಹೊರಟಿತು. ಊರು ಹಿಂದೆ ಬಿತ್ತು. ಬೆಟ್ಟದ ತಿರುವಿನಲ್ಲಿ ಮಂಜು ಹಾಲಿನಂತೆ ರಸ್ತೆಗೆ ಉಕ್ಕಿ ಬಂತು; ಅವನು ದೀಪ ಹಾಕಿ ಅದರೊಳಗೆ ಹೋದ. ಆಚೆಗೆ ಬಿಳಿ ಉಪ್ಪಿನ ಬಯಲು, ಅಲ್ಲಿ ಲಾರಿಯ ನೆರಳು ಬಿಟ್ಟರೆ ಇನ್ನೊಂದು ನೆರಳಿಲ್ಲ. ಒಂಟಿ ಮರದ ಕೆಳಗೆ ನಿಲ್ಲಿಸಿದಾಗ ಇಂಜಿನ್ನು ಟಿಕ್ ಟಿಕ್ ಎಂದು ತಣ್ಣಗಾಗುವುದು ಕೇಳಿಸಿತು. ಎಲ್ಲಿಗೆ ಹೊರಟಿದ್ದೇನೆಂದು ಗೊತ್ತಿರಲಿಲ್ಲ, ತಡವಾಗಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಎಚ್ಚರವಾದಾಗ ಎರಡು ಗಂಟೆ. ತೋಳಿನ ಮೇಲೆ ಒಂದು ಪಾರಿವಾಳ ಕೂತಿತ್ತು. ತೋಳು ಟೊಮೇಟೊ ಹಣ್ಣಾಗಿತ್ತು.

"ಕೆಂಪಾಗಿದೆ ಮಾವ, ಕಪ್ಪಾಗಿಲ್ಲ."

"ಕೆಂಪು ಅಂದ್ರೆ ಒಂದು ತಿಂಗಳ ಸರ್ವೀಸು," ಎಂದ ಹಾರನ್ ಮಾವ, ವೈದ್ಯನಂತೆ ಮೊಣಕೈ ತಿರುಗಿಸಿ ನೋಡುತ್ತಾ. "ಅತ್ತೇ, ಹತ್ತು ವರ್ಷದ್ದು ಏನಾದ್ರೂ ಇದೆಯಾ?"

ಅತ್ತೆ ಮೂರು ಡಬ್ಬಗಳ ಮುಚ್ಚಳ ತೆಗೆದು ಬಣ್ಣ ಬೆರೆಸಿದಳು. ಮಣಿಕಟ್ಟಿನಿಂದ ಭುಜದವರೆಗೆ, ಕೆಲಸದ ಮೇಲಿನ ಪ್ರೀತಿಯಿಂದ, ಮೂರು ಕೈ ಹಚ್ಚಿದಳು. ಮೊಣಕೈಗೆ ಒಂದು ಛಾಯೆ ಜಾಸ್ತಿ. "ನಾನು ಹಾಕಿದ ಬಣ್ಣ ಇದುವರೆಗೂ ಯಾರ ಮನೇಲೂ ಬಿಟ್ಟಿಲ್ಲ," ಎಂದಳು ಹೆಮ್ಮೆಯಿಂದ. ಅವನು ಮೂಲೆ ತಿರುಗುವವರೆಗೂ ತಡೆದುಕೊಂಡಿದ್ದ ನಗುವನ್ನು ಇಬ್ಬರೂ ಆಮೇಲೆ ಬಿಟ್ಟರು, ತರಕಾರಿಯವನೂ ಸೇರಿಕೊಂಡ.

ಹನ್ನೆರಡನೆಯ ಆಫೀಸಿನ ಅಂಗಳದಲ್ಲಿ ಎರಡು ಹೊಸ ಬಿಳಿ ಲಾರಿಗಳು ನಿಂತಿದ್ದವು. ಮೇಜಿನ ಹಿಂದೆ ದಪ್ಪ ಕನ್ನಡಕದ ಯಜಮಾನಿ. ಅವನು ಜೇಬಿನಿಂದ ಲೈಸೆನ್ಸ್ ತೆಗೆಯುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು.

"ಅದಿರಲಿ. ಮೊದಲು ತೋಳು ತೋರಿಸು."

ಲೈಸೆನ್ಸಿಗೆ ಹಾರನ್ ಮಾವನ ಕಾಲಿಗೆ ಬೀಳಬೇಕು ಅನ್ನಿಸಿತು. ತೋಳು ಚಾಚಿದ. ಯಜಮಾನಿ ಕನ್ನಡಕ ಹಣೆಗೇರಿಸಿ ನೋಡಿದಳು, ಎದ್ದು ನಿಂತಳು, ತನ್ನ ಎದುರಿನ ಮೆತ್ತನೆಯ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ. ಯಾವ ಕಡೆ ಎಲ್ಲ ಹೋಗಿದ್ದೀರಿ?"

ಅವನು ಕಣ್ಣು ಮುಚ್ಚಿದ. ಮಂಜಿನ ತಿರುವು ಹೇಳಿದ, ಉಪ್ಪಿನ ಬಯಲು ಹೇಳಿದ, ಒಂಟಿ ಮರ, ತಣ್ಣಗಾಗುವ ಇಂಜಿನ್ನು. ಕಣ್ಣು ತೆರೆದಾಗ ಯಜಮಾನಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

"ನಾನೂ ಇಪ್ಪತ್ತು ವರ್ಷ ಓಡಿಸಿದವಳು. ಆ ಮರದ ಕೆಳಗೆ ನಿಂತಿದ್ದೀನಿ," ಎಂದಳು. "ಅದಕ್ಕೇ ನಿಮಗೆ ಸುಳ್ಳು ಹೇಳಲ್ಲ. ಈ ಕೆಲಸ ನಿಮಗೆ ಕೊಡಕ್ಕಾಗಲ್ಲ."

"ಯಾಕಮ್ಮ?"

"ಹೊಸ ಗಾಡಿ, ಒಳಗೆಲ್ಲ ಎಸಿ. ಕಿಟಕಿ ತೆಗೆಯೋ ಹಾಗೇ ಇಲ್ಲ. ಹೋದ ತಿಂಗಳು ಹಳಬರನ್ನ ಇಟ್ಟೆ. ಒಬ್ಬ ಗಾಜು ಒಡೆದ. ಇನ್ನೊಬ್ಬ ಮೊಣಕೈ ಇಡಕ್ಕೆ ಜಾಗ ಇಲ್ಲ ಅಂತ ಅರ್ಧ ದಾರೀಲಿ ಗಾಡಿ ಬಿಟ್ಟು ಇಳಿದುಹೋದ. ಆವತ್ತೇ ತೀರ್ಮಾನ ಮಾಡಿದೆ. ಲೈಸೆನ್ಸ್ ಇರಬೇಕು, ಅನುಭವ ಇರಬಾರದು. ಅಂಥವನು ಸಿಕ್ಕಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಕಲಿಸ್ತೀನಿ."

ಲೈಸೆನ್ಸು ಕುರ್ಚಿಯಿಂದ ಜಾರಿದ. "ಅಮ್ಮಾ, ನನಗೆ ಅನುಭವವೇ ಇಲ್ಲ. ಮೈದಾನಕ್ಕೆ ನಲವತ್ತು ಸುತ್ತು, ಅಷ್ಟೇ. ಆ ಮರ ನಾನು ಕನಸಲ್ಲಿ ಕಂಡಿದ್ದು."

"ಬೆಳಗ್ಗೆಯಿಂದ ನೀವು ಐದನೆಯವರು. ಹೊಸ ಗಾಡಿ ಕಂಡ ತಕ್ಷಣ ಎಲ್ಲರೂ ಏನೂ ಬರಲ್ಲ ಅಂತಾರೆ."

"ಲೈಸೆನ್ಸ್ ನೋಡಿ. ಕೊಟ್ಟು ಆರು ವಾರ ಆಗಿದೆ."

"ಹಳೇದು ಕಳೆದುಹೋಯ್ತು ಅಂತ ಹೊಸದು ಮಾಡಿಸಿಕೊಂಡು ಬರೋದು ನನಗೆ ಗೊತ್ತಿಲ್ವಾ? ಕಾರ್ಡು ಹೊಸದಾಗುತ್ತೆ. ತೋಳು ಹೊಸದಾಗುತ್ತಾ?"

ಅವನು ಅಂಗಳದ ನಲ್ಲಿಗೆ ಓಡಿದ. ಸೋಪು ಹಾಕಿದ, ಮರಳು ಹಾಕಿದ, ಯಾರೋ ಕೊಟ್ಟ ಡೀಸೆಲ್ ಹಾಕಿದ. ಬಣ್ಣ ಇನ್ನಷ್ಟು ಹೊಳೆಯಿತು. ಯಜಮಾನಿ ಕರುಣೆಯಿಂದ ಒಂದು ಟವೆಲ್ ಚಾಚಿ, "ಇಷ್ಟು ವರ್ಷದ ದುಡಿಮೆ, ಯಾಕೆ ನಾಚಿಕೊಳ್ತೀರಿ?" ಎಂದು ಗೇಟಿನವರೆಗೂ ಬಂದು ಬೀಳ್ಕೊಟ್ಟಳು. ಅಂಗಳದಲ್ಲಿದ್ದ ಡ್ರೈವರುಗಳೆಲ್ಲ ಎದ್ದು ನಿಂತು ಸಲಾಂ ಹೊಡೆದರು.

ಬಣ್ಣದ ಅಂಗಡಿಯ ಮೆಟ್ಟಿಲ ಮೇಲೆ ಎಲ್ಲರೂ ಕಾದಿದ್ದರು. ಅಂಗಡಿ ಬೇಗ ಮುಚ್ಚಿ ಭಾವನೂ ಬಂದಿದ್ದ. ಹಾರನ್ ಮಾವ ಅವನನ್ನು ಕಂಡೊಡನೆ ಉದ್ದ ಹಾರನ್ ಹೊಡೆದ. "ಏನಂದ್ರಪ್ಪ ತೋಳು ನೋಡಿ?"

ಲೈಸೆನ್ಸು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದ ಹಾಗೆ ನಗು ಒಬ್ಬೊಬ್ಬರ ಮುಖದಿಂದಲೂ ಇಳಿಯಿತು.

"ಲೋ," ಎಂದ ಹಾರನ್ ಮಾವ, ತಲೆ ತಗ್ಗಿಸುತ್ತಾ. "ತೋಳು ನೋಡ್ತಾರೆ ಅಂತ ನಾನು ಸುಮ್ನೆ ಕಟ್ಟಿ ಹೇಳಿದ್ದು ಕಣೋ."

ಭಾವ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು. ಬಣ್ಣದತ್ತೆ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ ಕೂತಳು.

"ನಾಳೆ ನಾನೇ ಹೋಗಿ ಆಯಮ್ಮನಿಗೆ ನಿಜ ಹೇಳ್ತೀನಿ," ಎಂದ ಹಾರನ್ ಮಾವ.

"ನೀವಾ?" ಲೈಸೆನ್ಸು ಮಾವನ ತೋಳು ನೋಡಿದ, ತನ್ನ ತೋಳು ನೋಡಿದ. "ಇಬ್ಬರೂ ಒಂದೇ ಗಾಡೀಲಿದ್ವಿ ಅಂದ್ಕೋತಾರೆ ಮಾವ."

ಹಾಗೆನ್ನುತ್ತಲೇ ಅವನಿಗೆ ಆ ಅಂಗಳ ನೆನಪಾಯಿತು. ಹನ್ನೊಂದು ಕಡೆ ಕೂತ್ಕೋ ಎಂದವರಿಲ್ಲ. ಹನ್ನೆರಡನೆಯ ಕಡೆ ಒಂದು ಅಂಗಳಕ್ಕೆ ಅಂಗಳವೇ ಎದ್ದು ನಿಂತಿತ್ತು, ಅದೂ ಅವನು ಕುರ್ಚಿಯಿಂದ ಏಳದೆ ಓಡಿಸಿದ ಲಾರಿಗೆ. ಅವನು ಕಂಬ ಹಿಡಿದುಕೊಂಡು ನಗತೊಡಗಿದ. ಮೊದಲು ಅಕ್ಕನಿಗೆ ಹತ್ತಿತು, ಆಮೇಲೆ ಅತ್ತೆಗೆ, ಕೊನೆಗೆ ತಲೆ ತಗ್ಗಿಸಿ ಕೂತಿದ್ದ ಹಾರನ್ ಮಾವನಿಗೂ. ಇಡೀ ಬೀದಿ ನಗುತ್ತಿದ್ದರೂ ತುದಿಯವರೆಗೆ ಕೇಳಿಸಿದ್ದು ಮಾತ್ರ ಲೈಸೆನ್ಸಿನ ನಗು.